ಅಮಾನತ್ ಕಾಪಾಡಿದ ವಿಜ್ಞಾನಿ

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಕಳೆದ ವರ್ಷ ಕಾಲೇಜಿನಿಂದ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಪ್ರವಾಸ ಹೋಗಿದ್ದೆವು. ಸೈನ್ಸ್‌ನವರು ಯಂತ್ರಗಳ ಮುಂದೆ ನಿಂತು ನೋಡುತ್ತಿದ್ದರು. ಕಾಮರ್ಸ್ ಓದುವ ನನಗೆ ಬಂದ ಪ್ರಶ್ನೆಯೇ ಬೇರೆ. ಇದನ್ನೆಲ್ಲ ಕೂಡಿಸಿ ಕಾಪಾಡಲು ಹಣ ಕೊಟ್ಟವರು ಯಾರು? ಆಮೇಲೆ ತಿಳಿಯಿತು, ಇದನ್ನು ಶುರು ಮಾಡಿದ್ದು ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್. ಆ ಮಂಡಳಿಯನ್ನು ಕಟ್ಟಿದವರ ಜೀವನವನ್ನು ಲೈಬ್ರರಿಯಲ್ಲಿ ಹುಡುಕಿ ಓದಿದೆ. ಅವರೇ ಡಾ. ಶಾಂತಿ ಸ್ವರೂಪ್ ಭಟ್ನಾಗರ್.

ಭಟ್ನಾಗರ್ 1894ರ ಫೆಬ್ರವರಿ 21ರಂದು ಪಂಜಾಬಿನ ಭೇರಾದಲ್ಲಿ ಹುಟ್ಟಿದರು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಎಂಟು ತಿಂಗಳ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತವರಿನಲ್ಲಿ, ಇಂಜಿನಿಯರ್ ಆಗಿದ್ದ ಅಜ್ಜನ ಆಸರೆಯಲ್ಲಿ ಬೆಳೆದರು. ಲಾಹೋರಿನ ದಯಾಳ್ ಸಿಂಗ್ ಕಾಲೇಜಿನಲ್ಲಿ ಓದುವಾಗ 'ಕರಾಮಾತಿ' ಎಂಬ ಉರ್ದು ಏಕಾಂಕ ನಾಟಕ ಬರೆದು ಬಹುಮಾನ ಗೆದ್ದರು. ಮುಂದೆ ಉರ್ದು ಕವಿತೆಗಳನ್ನೂ ಬರೆದರು. ವಿಜ್ಞಾನಿಯೊಬ್ಬರು ಉರ್ದು ಶಾಯರ್ ಕೂಡ ಆಗಿದ್ದರು ಎಂದಾಗ ನಮ್ಮ ಅಮ್ಮಿ ಮೊದಲು ನಂಬಲೇ ಇಲ್ಲ.

1919ರಲ್ಲಿ ಎಂ.ಎಸ್ಸಿ. ಮುಗಿಸಿ, ದಯಾಳ್ ಸಿಂಗ್ ಟ್ರಸ್ಟ್‌ನ ಸ್ಕಾಲರ್‌ಶಿಪ್‌ನಿಂದ ವಿದೇಶಕ್ಕೆ ಹೋದರು. 1921ರಲ್ಲಿ ಲಂಡನ್‌ನಲ್ಲಿ ಡಿ.ಎಸ್ಸಿ. ಪಡೆದರು. ಮರಳಿ ಬಂದು ಬನಾರಸ್‌ನಲ್ಲಿ ಮೂರು ವರ್ಷ ಪಾಠ ಮಾಡಿ, 1924ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ ಸೇರಿದರು.

ನನಗೆ ಬಹಳ ಹಿಡಿಸಿದ ಘಟನೆ ನಡೆದದ್ದು ಅಲ್ಲಿಯೇ. ರಾವಲ್ಪಿಂಡಿಯ ಒಂದು ತೈಲ ಕಂಪನಿ ಬಾವಿ ಕೊರೆಯುವಾಗ ಬಳಸುತ್ತಿದ್ದ ಕೆಸರು, ಉಪ್ಪುನೀರು ತಾಗಿದರೆ ಗಟ್ಟಿಯಾಗಿ ಕೆಲಸವೇ ನಿಂತುಹೋಗುತ್ತಿತ್ತು. ಭಟ್ನಾಗರ್ ಅದಕ್ಕೆ ನಮ್ಮ ದೇಶದ ಮರದ ಅಂಟನ್ನು ಬೆರೆಸಿ ಪರಿಹಾರ ಕಂಡುಹಿಡಿದರು. ಸಂತೋಷಗೊಂಡ ಕಂಪನಿಯವರು ಸಂಶೋಧನೆಗೆಂದು 1,50,000 ರೂಪಾಯಿ ಕೊಡಲು ಮುಂದೆ ಬಂದರು. ಆ ಕಾಲದಲ್ಲಿ ಅದು ದೊಡ್ಡ ಮೊತ್ತ. ಭಟ್ನಾಗರ್ ಅದನ್ನು ವಿಶ್ವವಿದ್ಯಾಲಯಕ್ಕೆ ಕೊಡಿಸಿದರು. ಅದರಿಂದ ಪೆಟ್ರೋಲಿಯಂ ಸಂಶೋಧನಾ ವಿಭಾಗವೇ ಶುರುವಾಯಿತು.

1940ರಲ್ಲಿ ಸರ್ಕಾರ ಸಂಶೋಧನೆಗಾಗಿ ಒಂದು ಮಂಡಳಿ ಮಾಡಿ, ವರ್ಷಕ್ಕೆ 5 ಲಕ್ಷ ರೂಪಾಯಿ ಕೊಟ್ಟು, ಭಟ್ನಾಗರ್ ಅವರನ್ನು ಕರೆಯಿತು. ಅವರು ಇಲ್ಲಿಯೂ ಅದೇ ನಿಯಮ ತಂದರು. ಕೈಗಾರಿಕೆಗಳಿಂದ ಬರುವ ರಾಯಧನವನ್ನು ಪ್ರತ್ಯೇಕ ನಿಧಿಯಲ್ಲಿಟ್ಟು ಮತ್ತೆ ಸಂಶೋಧನೆಗೇ ಬಳಸಬೇಕು ಎಂದು ಸರ್ಕಾರವನ್ನು ಒಪ್ಪಿಸಿದರು. 1942ರಲ್ಲಿ ಸಿಎಸ್‌ಐಆರ್ ಹುಟ್ಟಿತು. ಅವರ ಕಾಲದಲ್ಲಿ 12 ರಾಷ್ಟ್ರೀಯ ಪ್ರಯೋಗಾಲಯಗಳು ರೂಪುಗೊಂಡವು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಅವುಗಳಲ್ಲಿ ಒಂದು. 1950ರಲ್ಲಿ ಅದು ಶುರುವಾದದ್ದು ರಾಜಕುಮಾರಿಗಾಗಿ ಕಟ್ಟಿಸಿದ್ದ ಚೆಲುವಾಂಬ ಮ್ಯಾನ್ಶನ್‌ನಲ್ಲಿ. ಹಳೆಯ ಅರಮನೆಯೂ ಉಳಿಯಿತು, ಹೊಸ ಕೆಲಸವೂ ನಡೆಯಿತು.

ಸಂಶೋಧನೆಗೆ ಹಾಕಿದ ಹಣ ಅದೇ ವರ್ಷ ಲಾಭ ತೋರಿಸುವುದಿಲ್ಲ. ಮ್ಯೂಸಿಯಂನ ಹಳೆಯ ಯಂತ್ರವಂತೂ ಲಾಭ ತರುವುದೇ ಇಲ್ಲ. ಆದರೆ ಅಕೌಂಟೆನ್ಸಿಯಲ್ಲಿ ನಾವು ಓದುವ ಬಂಡವಾಳ ವೆಚ್ಚದ ಹಾಗೆ, ಎರಡರ ಪ್ರಯೋಜನವೂ ಮುಂದಿನ ಅನೇಕ ವರ್ಷಗಳಿಗೆ ಸಿಗುತ್ತದೆ.

ಭಟ್ನಾಗರ್ 1955ರ ಜನವರಿ 1ರಂದು ಹೃದಯಾಘಾತದಿಂದ ತೀರಿಕೊಂಡರು. ಮಂಡಳಿ 1959ರಲ್ಲಿ ಕೋಲ್ಕತ್ತದಲ್ಲಿ, ನಂತರ ಬೆಂಗಳೂರಿನಲ್ಲಿ ತೆರೆದ ಮ್ಯೂಸಿಯಂಗಳನ್ನು ಅವರು ನೋಡಲಿಲ್ಲ. ಇಂದು ದೇಶದ ವಿಜ್ಞಾನಿಗಳಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಇದೆ.

ಪತ್ರಿಕೆಗಳಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯಿಟ್ಟು ನಮ್ಮ ಕೈಗೆ ಕೊಟ್ಟ ಇನ್ನೊಬ್ಬರ ವಸ್ತು. ಭಟ್ನಾಗರ್ ಆ ಹಣವನ್ನು ನೋಡಿದ್ದು ಹಾಗೆ. ನನಗೂ ಸ್ಕಾಲರ್‌ಶಿಪ್ ಬರುತ್ತದೆ. ಈ ಸಲ ಅದರಲ್ಲಿ ಮೊಬೈಲ್ ಕೊಳ್ಳಬೇಕೆಂದು ಅಬ್ಬಾಗೆ ಹೇಳದೆ ಲೆಕ್ಕ ಹಾಕಿಟ್ಟಿದ್ದೆ. ಆಸೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಆ ಲೆಕ್ಕದ ಹಾಳೆ ಹರಿದು, ಮೊದಲು ಫೀಸು, ಆಮೇಲೆ ಪುಸ್ತಕ ಎಂದು ಹೊಸದಾಗಿ ಬರೆದಿದ್ದೇನೆ.