ತಾಳೆಗರಿಯ ರಾಶಿಯಲ್ಲಿ ಕೌಟಿಲ್ಯನನ್ನು ಕಂಡ ಗ್ರಂಥಪಾಲ

ವಡಾಲದ ಎನ್.ಕೆ.ಇ.ಎಸ್. ಶಾಲೆಯ ಮಕ್ಕಳನ್ನು ಕೇಳಿದರೂ ಚಾಣಕ್ಯನ ಹೆಸರು ಹೇಳಿಯಾರು. ಆದರೆ ಆತನ ಅರ್ಥಶಾಸ್ತ್ರವನ್ನು ಜಗತ್ತಿಗೆ ಮರಳಿ ಕೊಟ್ಟವರು ಮೈಸೂರಿನ ಗ್ರಂಥಪಾಲರೊಬ್ಬರು ಎಂಬುದು ಹಿರಿಯರಲ್ಲೂ ಹಲವರಿಗೆ ಮರೆತುಹೋಗಿದೆ. ಅವರೇ ಮಹಾಮಹೋಪಾಧ್ಯಾಯ ರುದ್ರಪಟ್ಟಣ ಶಾಮಶಾಸ್ತ್ರಿಗಳು.

1868ರಲ್ಲಿ ಕಾವೇರಿ ತೀರದ ರುದ್ರಪಟ್ಟಣದಲ್ಲಿ ಜನಿಸಿದ ಶಾಸ್ತ್ರಿಗಳು ಮೈಸೂರಿನಲ್ಲಿ ಸಂಸ್ಕೃತ ವಿದ್ವತ್ ಮುಗಿಸಿ, ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ಅವರ ಪಾಂಡಿತ್ಯವನ್ನು ಮೆಚ್ಚಿದ ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆರವಿನಿಂದ, 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲರಾದರು.

ಮುಟ್ಟಿದರೆ ಮುರಿಯುವ ತಾಳೆಗರಿಗಳನ್ನು ನಿತ್ಯವೂ ಬಿಡಿಸಿ ಓದಿ, ಒಳಗೇನಿದೆಯೆಂದು ಪಟ್ಟಿ ಮಾಡುವುದು ಅವರ ಕೆಲಸ. ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ್ದ ಕಟ್ಟೊಂದು 1905ರಲ್ಲಿ ಅವರ ಕಣ್ಣಿಗೆ ಬಿತ್ತು. ಅನ್ಯರ ಉಲ್ಲೇಖಗಳಿಂದಷ್ಟೇ ತಿಳಿದಿದ್ದ ಅರ್ಥಶಾಸ್ತ್ರ ಅದಾಗಿತ್ತು! 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕವಾಗಿ ಹೊರಬಂದವು. ಪ್ರಾಚೀನ ಭಾರತದ ಆಡಳಿತ, ತೆರಿಗೆ, ನ್ಯಾಯಗಳ ವಿಚಾರವನ್ನು ವಿದ್ವಾಂಸರು ಹೊಸದಾಗಿ ಬರೆಯಬೇಕಾಯಿತು.

ಶಾಸ್ತ್ರಿಗಳ ಆಸಕ್ತಿ ಅಷ್ಟಕ್ಕೇ ನಿಲ್ಲಲಿಲ್ಲ. ವೇದಕಾಲದ ಪಂಚಾಂಗ, ಗ್ರಹಣ, ಲಿಪಿಯ ಹುಟ್ಟು ಅವರಿಗೆ ಪ್ರಿಯವಾದ ವಿಷಯಗಳು. ಜರ್ಮನ್, ಫ್ರೆಂಚ್ ಭಾಷೆಗಳನ್ನೂ ಬಲ್ಲವರಾಗಿದ್ದರು. ಮುಂದೆ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿ, 1944ರಲ್ಲಿ ನಿಧನರಾದರು.

ವಡಾಲದಿಂದ ಉಪನಗರಗಳವರೆಗೆ ನಮ್ಮ ಸಂಘಗಳ, ಮನೆಗಳ ಕಪಾಟುಗಳಲ್ಲಿ ಹಿರಿಯರು ಕೂಡಿಟ್ಟ ಕನ್ನಡ ಪುಸ್ತಕಗಳಿವೆ. ಕನ್ನಡ ಓದಲು ಬಾರದ ಮೊಮ್ಮಕ್ಕಳ ಕಾಲಕ್ಕೆ ಅವು ರದ್ದಿಯಂಗಡಿ ಸೇರುವ ಮೊದಲು, ಒಂದೊಂದನ್ನೂ ಬಿಡಿಸಿ ನೋಡಿ ಪಟ್ಟಿ ಮಾಡಿಟ್ಟರೆ ಅದೇ ಶಾಸ್ತ್ರಿಗಳಿಗೆ ನಾವು ಸಲ್ಲಿಸುವ ಗೌರವ.