ಕನಸಿನ ಸಾಧಕ ಎರ್ವೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬರುವ ನಾವು ಗೆಳೆಯರು ಬೆಳಿಗ್ಗೆ ಕನಸು ಹೇಳಿಕೊಳ್ಳುತ್ತೇವೆ, ಮಧ್ಯಾಹ್ನಕ್ಕೆ ಮರೆಯುತ್ತೇವೆ. ಹಾಗೆ ಮರೆಯಲೊಲ್ಲದ ಒಬ್ಬನ ಬಾಳು ನನ್ನ ಮನಸ್ಸನ್ನು ಸೆಳೆದಿದೆ.

1822ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಎರ್ವೆ ದ ಸ್ಯಾಂ ದನಿಯು 13ನೆಯ ವಯಸ್ಸಿನಿಂದಲೇ ತನ್ನ ಕನಸುಗಳನ್ನು ಬರೆದಿಡತೊಡಗಿದನು. ಈ ಅಭ್ಯಾಸದಿಂದ, ತಾನು ಕಾಣುತ್ತಿರುವುದು ಕನಸೆಂಬ ಅರಿವು ನಿದ್ರೆಯಲ್ಲಿಯೇ ಮೂಡಿತು. ಆ ಅರಿವು ನಿಂತಷ್ಟು ಹೊತ್ತು ಪ್ರಯೋಗ ನಡೆಯುತ್ತಿತ್ತು. ಕನಸಿನೊಳಗೆ ಕೈಯಿಂದ ಕಣ್ಣು ಮುಚ್ಚಿ ದೃಶ್ಯ ಬದಲಿಸುವನು. ಪ್ರವಾಸದಲ್ಲಿ ಬಳಸಿದ ಅತ್ತರನ್ನು ಸೇವಕನಿಂದ ದಿಂಬಿಗೆ ಹನಿಸಿ ಆ ಊರನ್ನು ಮರಳಿ ಕಾಣುವನು. ಇದನ್ನೆಲ್ಲ 1867ರಲ್ಲಿ ತನ್ನ ಹೆಸರಿಲ್ಲದೆ ಪ್ರಕಟಿಸಿದನು. 1874ರಲ್ಲಿ ಚೀನೀ ಭಾಷೆಯ ಪ್ರಾಧ್ಯಾಪಕನಾದನು, 1892ರಲ್ಲಿ ತೀರಿಕೊಂಡನು.

ಇಂಥ ಕನಸುಂಟೆಂದರೆ ಪಂಡಿತರು ಬಹುಕಾಲ ಸಂದೇಹಪಟ್ಟರು. 1975ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಮಲಗಿದ್ದವನೊಬ್ಬನು, ಮೊದಲೇ ಗೊತ್ತುಮಾಡಿದಂತೆ ಕಣ್ಣು ಹೊರಳಿಸಿ, ಕನಸಿನೊಳಗಿಂದಲೇ ಸಂಕೇತ ಕೊಟ್ಟನು. ಎರ್ವೆಯ ಬಳಿ ಯಂತ್ರವಿರಲಿಲ್ಲ; ಇದ್ದುದು ಕಾಗದ, ಲೇಖನಿ, ತಾಳ್ಮೆ.