ಓಡಬೇಡ ಅನ್ನಿಸಿಕೊಂಡ ಹೃದಯ

ಬಾಸ್ಟನ್ ಮ್ಯಾರಥಾನ್ ಅಂದರೆ ಇಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರಿಗೆ ಏಪ್ರಿಲ್ ತಿಂಗಳ ಒಂದು ಸೋಮವಾರ, ಅಷ್ಟೇ. ಕ್ಲಾಸಿಗೆ ರಜೆ, ರಸ್ತೆಗಳೆಲ್ಲ ಬಂದ್. ಹಾಪ್‌ಕಿಂಟನ್ ಕಡೆಯಿಂದ ಸಾವಿರಾರು ಜನ ಓಡಿ ಬರುತ್ತಾರೆ, ನಾವು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿ, ಕಾಫಿ ಕುಡಿದು ರೂಮಿಗೆ ವಾಪಸ್. ಇದೇ ಓಟವನ್ನು ಒಬ್ಬರು ಏಳು ಸಲ ಗೆದ್ದಿದ್ದಾರೆ. ಕಾಲಲ್ಲಿ ಓಡಿ ಅಷ್ಟು ಸಲ ಗೆದ್ದವರು ಇವತ್ತಿನವರೆಗೂ ಇನ್ನೊಬ್ಬರಿಲ್ಲ. ಅವರ ಹೆಸರು ಕ್ಲಾರೆನ್ಸ್ ಡಿಮಾರ್. ಆದರೆ ಈ ಸಂಚಿಕೆಗೆ ಅವರನ್ನು ಆರಿಸಿಕೊಂಡದ್ದು ಗೆದ್ದ ಆ ಏಳು ಓಟಗಳಿಗಿಂತ ಹೆಚ್ಚಾಗಿ, ಗೆಲ್ಲುವುದು ನಿಂತ ಮೇಲೂ ಅವರು ಓಡಿದ ವರ್ಷಗಳಿಗಾಗಿ.

ಡಿಮಾರ್ ಹುಟ್ಟಿದ್ದು 1888ರ ಜೂನ್ 7ರಂದು, ಒಹಾಯೋ ರಾಜ್ಯದ ಮಡೀರಾ ಎಂಬ ಊರಿನಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್‌ಗೆ ಬಂದರು. ಸಾಕುವುದು ಕಷ್ಟವಾಗಿ ಕ್ಲಾರೆನ್ಸ್‌ನನ್ನು ಬಾಸ್ಟನ್ ಬಂದರಿನ ಥಾಮ್ಸನ್ಸ್ ದ್ವೀಪದಲ್ಲಿದ್ದ ಒಂದು ಶಾಲೆಗೆ ಸೇರಿಸಿದರು. ಬಡ ಹುಡುಗರಿಗೆ ವ್ಯವಸಾಯ, ಕೈಕಸುಬು ಕಲಿಸುವ ಜಾಗ ಅದು. ಮುಂದೆ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಗುಡ್ಡಗಾಡಿನ ಓಟದ ರುಚಿ ಹತ್ತಿತು. ಡಿಗ್ರಿ ಮುಗಿಯುವ ಮುಂಚೆಯೇ ಓದು ಬಿಟ್ಟು ಬಾಸ್ಟನ್ ಕಡೆಗೆ ಬಂದು ಪ್ರೆಸ್ ಕೆಲಸ ಹಿಡಿದರು. ದಿನವೆಲ್ಲ ನಿಂತು ಅಚ್ಚಿನ ಮೊಳೆ ಜೋಡಿಸುವ ಕೆಲಸ. ಜೀವನಪೂರ್ತಿ ಅವರ ಅನ್ನ ಅದೇ. ಓಟದಿಂದ ಅವರಿಗೆ ದುಡ್ಡು ಬರಲಿಲ್ಲ.

1910ರಲ್ಲಿ ಮೊದಲ ಸಲ ಬಾಸ್ಟನ್‌ನಲ್ಲಿ ಓಡಿ ಎರಡನೆಯವರಾಗಿ ಬಂದರು. ಮರುವರ್ಷ ಓಟಕ್ಕೆ ಮುಂಚೆ ತಪಾಸಣೆ ಮಾಡಿದ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಹೃದಯದಲ್ಲಿ ಮರ್ಮರ ಶಬ್ದ ಇದೆ, ಸುಸ್ತಾದರೆ ನಿಲ್ಲಿಸಿಬಿಡಬೇಕು, ಇನ್ನು ಮೇಲೆ ಓಟದ ಸಹವಾಸವೇ ಬೇಡ ಎಂದು ಎಚ್ಚರಿಸಿದರು. ಡಿಮಾರ್ ಓಡಿದರು, ಗೆದ್ದರು. ಬರೀ ಗೆದ್ದದ್ದಲ್ಲ, 2 ಗಂಟೆ 21 ನಿಮಿಷ 39 ಸೆಕೆಂಡಿನ ಹೊಸ ದಾಖಲೆ ಬರೆದರು. (ಆಗ ದಾರಿ ಈಗಿನ 42 ಕಿಲೋಮೀಟರಿಗಿಂತ ಕಮ್ಮಿ ಇತ್ತು, ಅದೂ ನೆನಪಿರಲಿ.)

ಆ ವೈದ್ಯರನ್ನು ನೋಡಿ ನಗುವುದು ಈಗ ಸುಲಭ. ಆದರೆ ಬಹಳ ದೂರ ಓಡಿದರೆ ಹೃದಯ ದೊಡ್ಡದಾಗಿ, ಸಡಿಲವಾಗಿ, ಮನುಷ್ಯ ಬೇಗ ಸಾಯುತ್ತಾನೆ ಅನ್ನುವುದು ಆ ಕಾಲದ ಸಾಕಷ್ಟು ವೈದ್ಯರ ನಂಬಿಕೆ. ಅದಕ್ಕೆ ತಕ್ಕ ಹಾಗೆ ಘಟನೆಗಳೂ ನಡೆದವು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಡಿಮಾರ್ ಹನ್ನೆರಡನೆಯವರಾಗಿ ಬಂದರು. ಅದೇ ಓಟದಲ್ಲಿ, ಆ ಸುಡುಬಿಸಿಲಲ್ಲಿ, ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜರೊ ಕುಸಿದುಬಿದ್ದು ಮರುದಿನ ತೀರಿಹೋದರು. ಜೊತೆಗೆ ಓಡಿದವನ ಸಾವು ಎಂಥವರನ್ನೂ ಯೋಚನೆಗೆ ಹಚ್ಚುತ್ತದೆ.

ಆಮೇಲೆ ಡಿಮಾರ್ ಹೆಚ್ಚುಕಮ್ಮಿ ಹತ್ತು ವರ್ಷ ದೊಡ್ಡ ಓಟಗಳಿಂದ ದೂರ ಉಳಿದರು. ನಡುವೆ 1917ರಲ್ಲಿ ಒಮ್ಮೆ ಬಾಸ್ಟನ್‌ಗೆ ಬಂದು ಮೂರನೆಯವರಾದದ್ದು ಬಿಟ್ಟರೆ ಓಟಗಾರನ ಉತ್ತಮ ವಯಸ್ಸೆಲ್ಲ ಹಾಗೇ ಕಳೆಯಿತು. ವೈದ್ಯರ ಮಾತು ಒಂದು ಕಾರಣ. ಅವರು ಬ್ಯಾಪ್ಟಿಸ್ಟ್ ಪಂಥದ ದೈವಭಕ್ತರು, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಪ್ರಶಸ್ತಿಗಾಗಿ ಓಡುವುದು ಸ್ವಾರ್ಥವೇ ಎಂಬ ಗೊಂದಲವೂ ಇತ್ತು. ಮೂರನೆಯದು ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು, ಓದು. ಹಗಲು ಪ್ರೆಸ್, ಅದು ಮುಗಿದ ಮೇಲೆ ಕ್ಲಾಸು. ಹೀಗೇ ಹಾರ್ವರ್ಡ್‌ನ ಪದವಿ ಪಡೆದರು, ಮುಂದೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದರು.

ಹಾಗಾದರೆ ಓಡಲು ಟೈಮ್ ಎಲ್ಲಿಂದ ಬಂತು? ಡಿಮಾರ್ ಅದಕ್ಕೆ ಬೇರೆ ಟೈಮ್ ಇಡಲೇ ಇಲ್ಲ. ಕೆಲಸಕ್ಕೆ ಓಡಿಕೊಂಡೇ ಹೋದರು, ಓಡಿಕೊಂಡೇ ಬಂದರು. ಮೆಲ್ರೋಸ್‌ನಲ್ಲಿ ಮನೆ, ಬಾಸ್ಟನ್‌ನಲ್ಲಿ ಪ್ರೆಸ್, ಮಧ್ಯೆ ಏಳೆಂಟು ಮೈಲಿ. ಬದಲಾಯಿಸಲು ಒಂದು ಒಗೆದ ಶರ್ಟು ಜೊತೆಯಲ್ಲಿ. ಅವರು ಕೋಚ್‌ಗಳ ಮಾತು ಕೇಳುವ ಪೈಕಿಯವರೂ ಅಲ್ಲ. ಇನ್ನು ಸ್ವಭಾವ ಸ್ವಲ್ಪ ಖಾರ. ಓಡುವಾಗ ಯಾರಾದರೂ ಅಡ್ಡ ಬಂದರೆ, ಮೇಲೆ ನೀರು ಎರಚಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಸಂತರ ಹಾಗೆ ಚಿತ್ರಿಸಿದರೆ ಅವರಿಗೇ ಹಿಡಿಸುತ್ತಿರಲಿಲ್ಲವೇನೋ.

1922ರಲ್ಲಿ, ಮೂವತ್ಮೂರನೇ ವಯಸ್ಸಿನಲ್ಲಿ, ವಾಪಸ್ ಬಂದರು. ಗೆದ್ದರು. 1923, 1924, ಮತ್ತೆ ಗೆಲುವು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು. ಆಮೇಲೆ 1927, 1928, ಕೊನೆಗೆ 1930. ಆ ಕೊನೆಯ ಗೆಲುವಿನ ದಿನ ಅವರಿಗೆ 41 ವರ್ಷ. ಬಾಸ್ಟನ್‌ನಲ್ಲಿ ಪುರುಷರ ಓಟ ಗೆದ್ದವರಲ್ಲಿ ಅತಿ ಹಿರಿಯರು ಈಗಲೂ ಅವರೇ.

ಇಲ್ಲಿಂದ ಮುಂದಿನದು ನಮಗೆ ಹೆಚ್ಚು ಇಷ್ಟವಾದ ಭಾಗ. ನಲವತ್ತರ ಹೊತ್ತಿಗೆ ಮದುವೆಯಾಗಿತ್ತು, ಮುಂದೆ ಮಕ್ಕಳಾದರು. ನ್ಯೂ ಹ್ಯಾಂಪ್‌ಶೈರ್‌ನ ಕೀನ್ ಊರಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮುದ್ರಣ ಕಲಿಸುವ ಕೆಲಸ ಸಿಕ್ಕಿತ್ತು. ಗೆದ್ದದ್ದಾಯಿತು, ಇನ್ನು ಸಾಕು ಅಂತ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಐವತ್ತು ದಾಟಿದವರು ಸ್ವಲ್ಪ ಬಿರುಸಾಗಿ ನಡೆದರೂ ಸಾಕು, ವಯಸ್ಸಾಯ್ತು, ಮಂಡಿ ಸವೆಯುತ್ತೆ, ನಿಧಾನ ಅಂತ ನಾಲ್ಕು ಕಡೆಯಿಂದ ಬುದ್ಧಿಮಾತು ಬರುತ್ತದೆ. ಡಿಮಾರ್ ಐವತ್ತಕ್ಕೆ ಎರಡು ತಿಂಗಳಿರುವಾಗ, 1938ರಲ್ಲಿ, ಬಾಸ್ಟನ್‌ನಲ್ಲಿ ಏಳನೆಯವರಾಗಿ ಬಂದರು. ಆಮೇಲೆ ಸ್ಥಾನ ಜಾರುತ್ತಾ ಹೋಯಿತು. 1954ರಲ್ಲಿ, 65ನೇ ವಯಸ್ಸಿನಲ್ಲಿ, ಬಾಸ್ಟನ್‌ನಲ್ಲಿ ಕೊನೆಯ ಸಲ ಓಡಿದಾಗ ಅವರದು 78ನೇ ಸ್ಥಾನ. ಮೊದಲನೆಯವನಾಗಿ ದಾಟಿದ ಗೆರೆಯನ್ನೇ ಎಪ್ಪತ್ತೆಂಟನೆಯವನಾಗಿ ದಾಟುವುದಕ್ಕೆ ಗೆಲ್ಲುವುದಕ್ಕಿಂತ ಹೆಚ್ಚಿನ ಗಟ್ಟಿತನ ಬೇಕು ಅಂತ ನಮಗೆ ಅನ್ನಿಸುತ್ತದೆ. ಅವರಿಗೆ ಹಾಗೇನೂ ಅನ್ನಿಸಿರಲಿಕ್ಕಿಲ್ಲ, ಅಭ್ಯಾಸವಾಗಿಹೋಗಿತ್ತು. 1957ರಲ್ಲಿ, 69ನೇ ವಯಸ್ಸಿನಲ್ಲಿ, ಮೇನ್ ರಾಜ್ಯದ ಬಾತ್ ಊರಿನಲ್ಲಿ 15 ಕಿಲೋಮೀಟರ್ ಓಡಿದರು.

1958ರ ಜೂನ್ 11ರಂದು ಡಿಮಾರ್ ತೀರಿಕೊಂಡರು. ಎಪ್ಪತ್ತು ತುಂಬಿ ನಾಲ್ಕು ದಿನವಾಗಿತ್ತು. ಕಾರಣ ಹೃದಯವಲ್ಲ, ಕ್ಯಾನ್ಸರ್. ಓಡಿದವರಿಗೆ ಯಾವ ಕಾಯಿಲೆಯೂ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಆ ಹೃದಯದ ವಿಷಯ ಇನ್ನೂ ಮುಗಿದಿರಲಿಲ್ಲ. 1920ರ ದಶಕದಲ್ಲೇ ಹಾರ್ವರ್ಡ್‌ನ ವಿಜ್ಞಾನಿಗಳು ಡಿಮಾರ್ ಅವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಪರೀಕ್ಷಿಸಿದ್ದರು. ಬೇರೆಯವರು ಏದುಸಿರು ಬಿಡುವ ವೇಗದಲ್ಲೂ ಅವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಷ್ಟಾಗಿ ಏರುತ್ತಿರಲಿಲ್ಲ. ಸತ್ತ ಮೇಲೆ ಶವಪರೀಕ್ಷೆಯಲ್ಲಿ ಹೃದಯವನ್ನು ನೋಡಿದರು. ಅದನ್ನು ಕುರಿತು ಬರೆದ ಇಬ್ಬರಲ್ಲಿ ಒಬ್ಬರು ಪಾಲ್ ಡಡ್ಲಿ ವೈಟ್, ಅಧ್ಯಕ್ಷ ಐಸೆನ್‌ಹೋವರ್‌ಗೆ 1955ರಲ್ಲಿ ಹೃದಯಾಘಾತವಾದಾಗ ನೋಡಿಕೊಂಡ ಪ್ರಸಿದ್ಧ ವೈದ್ಯರು. ಇನ್ನೊಬ್ಬರು ಜೇಮ್ಸ್ ಕರೆನ್ಸ್. 1961ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅವರ ವರದಿ ಬಂತು. ಹೃದಯದ ತೂಕ 340 ಗ್ರಾಂ, ಅಂದರೆ ಮಾಮೂಲು. ಕವಾಟಗಳು ಸರಿಯಾಗಿದ್ದವು. ಹೃದಯಕ್ಕೇ ರಕ್ತ ಒಯ್ಯುವ ಕೊರೊನರಿ ನಾಳಗಳು ಮಾತ್ರ ಸಾಮಾನ್ಯರದಕ್ಕಿಂತ ಎರಡು ಮೂರು ಪಟ್ಟು ಅಗಲ! ವಯಸ್ಸಾದ ಎಲ್ಲರಂತೆ ಅವರ ನಾಳಗಳಲ್ಲೂ ಕೊಬ್ಬು ಸ್ವಲ್ಪ ಕಟ್ಟಿತ್ತು, ಆದರೆ ದಾರಿ ಅಷ್ಟು ಅಗಲ ಇದ್ದದ್ದರಿಂದ ರಕ್ತಕ್ಕೆ ಅಡ್ಡಿಯಾಗಿರಲಿಲ್ಲ.

ಇದು ಅರ್ಧ ಶತಮಾನದ ಓಟದಿಂದ ಆದದ್ದೋ, ಹುಟ್ಟಿನಿಂದ ಬಂದದ್ದೋ? ಒಬ್ಬರ ಹೃದಯ ನೋಡಿ ತೀರ್ಪು ಕೊಡಲು ಬರುವುದಿಲ್ಲ, ವಿಜ್ಞಾನ ಓದುವ ನಮ್ಮ ಗೆಳೆಯರು ಇದನ್ನು ಮೊದಲೇ ಹೇಳುತ್ತಾರೆ. ಆದರೆ ಓಟ ಹೃದಯವನ್ನು ಕೆಡಿಸಿಬಿಡುತ್ತದೆ ಅನ್ನುವ ಭಯಕ್ಕೆ ಆ ಅಗಲವಾದ ನಾಳಗಳು ಕೊಟ್ಟ ಉತ್ತರ ಸಣ್ಣದಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದ ಕಾಲ ಅದು. ಎದ್ದು ನಡೆಯಿರಿ, ಸೈಕಲ್ ತುಳಿಯಿರಿ ಎಂದು ಹೇಳುತ್ತಿದ್ದ ವೈಟ್ ಅವರ ಕೈಗೆ ಡಿಮಾರ್ ಕಥೆ ಸಿಕ್ಕಿದ್ದು ಒಳ್ಳೆಯದೇ ಆಯಿತು.

1978ರಲ್ಲಿ ಡಿಮಾರ್ ಹೆಸರಿನಲ್ಲಿ ಒಂದು ಮ್ಯಾರಥಾನ್ ಶುರುವಾಯಿತು. ನ್ಯೂ ಹ್ಯಾಂಪ್‌ಶೈರ್‌ನ ಗಿಲ್ಸಮ್ ಎಂಬ ಪುಟ್ಟ ಊರಿನಿಂದ ಹೊರಟು ಕೀನ್‌ಗೆ ಬರುವ ಓಟ. ಅದು ಮುಗಿಯುವುದು ಕೀನ್ ಸ್ಟೇಟ್ ಕಾಲೇಜಿನಲ್ಲಿ, ಒಂದು ಕಾಲಕ್ಕೆ ಡಿಮಾರ್ ಮೊಳೆ ಜೋಡಿಸುವುದನ್ನು ಹೇಳಿಕೊಟ್ಟ ಆ ಹಳೇ ಕಾಲೇಜೇ ಅದು.